ಆ ಹೊಲ ಯಾರದು?

ಮೊದಲೇ ಹೇಳಿಬಿಡ್ತೀವಿ. ಈ ಲೇಖನ ಟೈಪ್ ಮಾಡಿದ್ದು ಒಬ್ಬ, ಪಕ್ಕದಲ್ಲಿ ಕೂತು ತಪ್ಪು ಹುಡುಕಿದ್ದು ಮೂವರು. ನಾಲ್ವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು, ಕನ್ನಡ ನಮಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾವು ಕೊಪ್ಪಳ ಜಿಲ್ಲೆಯವರು. ಒಬ್ಬ ಕೊಪ್ಪಳ, ಒಬ್ಬ ಗಂಗಾವತಿ, ಒಬ್ಬ ಕುಷ್ಟಗಿ, ಒಬ್ಬ ಯಲಬುರ್ಗಾ. ಹಾಸ್ಟೆಲ್‌ನಲ್ಲಿ ನಮ್ಮನ್ನ ಹೆಸರು ಹಿಡಿದು ಕರೆಯೋರೇ ಇಲ್ಲ. "ಏ ಗಂಗಾವತಿ, ಬಕೆಟ್ ಕೊಡಲೇ", "ಯಲಬುರ್ಗಾ ಊಟಕ್ಕ ಬಂದಾನೇನು" ಅಂತಾನೇ ಮಾತು. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ಇವೇ ನಾಲ್ಕು ತಾಲೂಕು. ಬಿಜಿಎಂಐನಲ್ಲಿ ಒಂದು ಸ್ಕ್ವಾಡ್‌ಗೆ ಬೇಕಾಗೋದೂ ನಾಲ್ಕೇ ಜನ. ಹಾಗಾಗಿ ಫಸ್ಟ್ ಇಯರ್‌ನಲ್ಲಿ ಭೇಟಿಯಾದ ವಾರದೊಳಗೇ ನಮ್ಮ ಸ್ಕ್ವಾಡ್ ಆಯ್ತು, ಅದಕ್ಕೆ 'ಹಳೇ ಜಿಲ್ಲೆ' ಅಂತ ಹೆಸರಿಟ್ವಿ.

ಆದರೆ ಈ ಆಟ ನಾವು ಕಲಿತದ್ದು ಬೇರೆ ಬೇರೆ ಊರಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದಾಗ. 2020ರ ಲಾಕ್‌ಡೌನ್. ಎಂಟು ಮುಗಿದು ಒಂಬತ್ತನೇ ಕ್ಲಾಸು. ಆನ್‌ಲೈನ್ ಕ್ಲಾಸಿಗೆ ಅಂತ ಮನೆಯಲ್ಲಿ ಫೋನ್ ಕೊಡಿಸಿದ್ರು, ನಾವು ಪಬ್‌ಜಿ ಹಾಕಿಕೊಂಡ್ವಿ. ಯಲಬುರ್ಗಾದವನ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರೋದಿಲ್ಲ. ಮೊದಲ ಸಲ ಮ್ಯಾಚ್ ಗೆದ್ದು "ಯವ್ವಾ, ಚಿಕನ್ ಡಿನ್ನರ್ ಆತು!" ಅಂತ ಕೂಗಿದ್ದಕ್ಕೆ ಅವನ ಅವ್ವ ಆ ಸಂಜೆ ಫೋನ್ ತೊಳೆಯೋದೊಂದು ಬಾಕಿ ಇಟ್ಟಿದ್ರಂತೆ.

ನಮ್ಮಲ್ಲಿ ಮೂವರು ಆಡೋರು. ಕುಷ್ಟಗಿಯವ ಆಟಗಾರ. ವ್ಯತ್ಯಾಸ ಏನಂದ್ರೆ, ಗೆದ್ದ ಮ್ಯಾಚಿನ ರೆಕಾರ್ಡಿಂಗ್ ನಾವು ನೋಡ್ತಿದ್ವಿ, ಸೋತ ಮ್ಯಾಚಿಂದು ಅವನು ನೋಡ್ತಿದ್ದ. ಎಲ್ಲಿ ನಿಂತಿದ್ವಿ, ಝೋನ್ ಎತ್ತ ಸರಿಯಿತು, ಯಾರು ಎರಡು ಸೆಕೆಂಡ್ ತಡ ಮಾಡಿದ್ರು ಅಂತ ರಫ್ ನೋಟ್‌ಬುಕ್‌ನಲ್ಲಿ ಬರೆದಿಡ್ತಿದ್ದ. ಆಡೋ ಮುಂಚೆ ದಿನಾ ಅರ್ಧ ತಾಸು ಬರೀ ಬಂದೂಕಿನ ಜಗ್ಗಾಟ ಹಿಡಿಯೋ ಪ್ರಾಕ್ಟೀಸ್. ಇದನ್ನ ಸರ್ಕ್ಯೂಟ್ ಲ್ಯಾಬಿಗೆ ಮಾಡಿದ್ದರೆ ಅವನು ರ‍್ಯಾಂಕ್ ಬರ್ತಿದ್ದ, ಅದು ಬೇರೆ ಮಾತು.

ಫಸ್ಟ್ ಇಯರ್ ಮುಗಿದ ರಜೆಯಲ್ಲಿ ಕುಷ್ಟಗಿಯಲ್ಲೇ ಕೂತು ಯೂಟ್ಯೂಬ್‌ನಲ್ಲಿ ಲೈವ್ ಶುರು ಮಾಡಿದ. ದೊಡ್ಡ ಸ್ಟ್ರೀಮರ್‌ಗಳೆಲ್ಲ ಹಿಂದಿಯಲ್ಲಿ ಮಾತಾಡ್ತಾರೆ ಅಂತ ಇವನೂ ಹಿಂದಿಯಲ್ಲಿ "ಹಾಯ್ ಗಾಯ್ಸ್" ಅಂದ. ನೋಡೋರು 11 ಜನ. ಅದರಲ್ಲಿ 3 ನಾವು.

ಎಂಜಿನಿಯರಿಂಗ್ ಓದ್ತಿದ್ದೀವಲ್ಲ, ಲೆಕ್ಕ ಹಾಕಿದ್ವಿ. ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡೋಕೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಒಂದು ವರ್ಷದೊಳಗೆ 4,000 ಗಂಟೆ ಜನ ನೋಡಿರಬೇಕು. 11 ಜನ ದಿನಕ್ಕೆ 3 ಗಂಟೆ ಕೂತರೆ 33 ಗಂಟೆ. ಅಂದ್ರೆ ಒಂದು ದಿನವೂ ತಪ್ಪಿಸದೆ 122 ದಿನ. ಆಮೇಲೆ ಸೂಪರ್ ಚಾಟ್‌ನಲ್ಲಿ ಯಾರಾದ್ರೂ 100 ರೂಪಾಯಿ ಹಾಕಿದ್ರೆ ಸುಮಾರು 70 ಇವನಿಗೆ, 30 ಯೂಟ್ಯೂಬ್‌ಗೆ. ಲೆಕ್ಕ ನಮಗೆ ಸುಲಭ ಅನಿಸಿತು. 122 ದಿನ ರಾತ್ರಿ ಕೂರೋನು ನಾವಲ್ಲ ನೋಡಿ, ಅದಕ್ಕೇ ಸುಲಭ ಅನಿಸಿತು.

ನಾಲ್ಕನೇ ರಾತ್ರಿ ಲೈವ್ ನಡೀತಿರುವಾಗಲೇ ಕರೆಂಟ್ ಹೋಯ್ತು. ಸ್ಟ್ರೀಮ್ ಮಾತ್ರ ಮೊಬೈಲ್ ಡೇಟಾದಲ್ಲಿ ಓಡ್ತಾ ಇತ್ತು. ಇವನಿಗೆ ಹಿಂದಿ ಮರೆತುಹೋಯ್ತು. "ಯವ್ವಾ, ಕರೆಂಟ್ ಹೋತು, ಬ್ಯಾಟ್ರಿ ತಗೊಂಬಾ!" ಅವ್ವ ಬ್ಯಾಟರಿ ಹಿಡಕೊಂಡು ಬಂದು ಕ್ಯಾಮೆರಾಕ್ಕೇ ಬೆಳಕು ಬಿಟ್ಟು, "ಇಷ್ಟೊತ್ತನ್ಯಾಗ ಯಾರ ಜೋಡಿ ಮಾತಾಡಾಕತ್ತೀಯೋ?" ಅಂದ್ರು. ಚಾಟ್‌ನಲ್ಲಿ ಯಾರೋ "ಅವ್ವಗ ಶರಣು ಹೇಳ್ರಿ" ಅಂತ ಹಾಕಿದ್ರು. ಆ ರಾತ್ರಿ ನೋಡೋರು 34ಕ್ಕೆ ಏರಿದ್ರು. ಮರುದಿನದಿಂದ ಅವನು ನಮ್ಮ ಕಡೆ ಕನ್ನಡದಲ್ಲೇ ಮಾತಾಡೋಕೆ ಶುರು ಮಾಡಿದ.

ಥರ್ಡ್ ಸೆಮ್‌ಗೆ ವಾಪಸ್ ಬಂದಾಗ ಅವನು ಬೇರೆ ಆಗಿದ್ದ. ರಾತ್ರಿ ಮೂರರವರೆಗೆ ಆಟ, ಬೆಳಗಿನ ಕ್ಲಾಸಿಗೆ ಗೈರು. ಮ್ಯಾಥ್ಸ್ ಬ್ಯಾಕ್ ಉಳಿದಿತ್ತು, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ಹೆಸರು ಬಂತು. ಒಂದಿನ ಮೆಸ್‌ನಲ್ಲಿ ಅನ್ನ ಕಲಸ್ತಾ ಹೇಳಿದ, "ಒಂದ್ ವರ್ಷ ಕಾಲೇಜ್ ಬಿಡ್ತೀನಿ. ಪ್ರೋ ಆಗಾಕ ಟ್ರೈ ಮಾಡ್ತೀನಿ. ಆಗಲಿಲ್ಲಂದ್ರ ವಾಪಸ್ ಬರ್ತೀನಿ."

ನಾವು ಏನಂದ್ವಿ? "ಬಿಡಲೇ, ಹೋಗು!" ಅಂದ್ವಿ.

ಬರೀ ಅಂದಿದ್ದಲ್ಲ, ಕಥೆ ಹೇಳಿದ್ವಿ. ಗಂಗಾವತಿಯವ ಕೊರಿಯಾದ ಫೇಕರ್ ಕಥೆ ಹೇಳಿದ. ಲೀ ಸಾಂಗ್ ಹ್ಯೋಕ್, ಹೈಸ್ಕೂಲ್ ಬಿಟ್ಟು 2013ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಡೋಕೆ ಬಂದು ಅದೇ ವರ್ಷ ವರ್ಲ್ಡ್ ಚಾಂಪಿಯನ್ ಆದವನು. ಯಲಬುರ್ಗಾದವ ಮುಂಬೈನ ನಮನ್ ಮಾಥುರ್ ಕಥೆ ಹೇಳಿದ. ನಮಗೆಲ್ಲ ಅವರು 'ಮಾರ್ಟಲ್'. 2019ರ ಪಬ್‌ಜಿ ಮೊಬೈಲ್ ಇಂಡಿಯಾ ಸೀರೀಸ್ ಗೆದ್ದ ಟೀಮ್ ಸೋಲ್ ಅವರದು. ಕೊಪ್ಪಳದವ ಗುಜರಾತಿನ ತೀರ್ಥ್ ಮೆಹ್ತಾ ಹೆಸರು ತೆಗೆದ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಆಟವಾಗಿದ್ದಾಗ ಹಾರ್ತ್‌ಸ್ಟೋನ್‌ನಲ್ಲಿ ಕಂಚು ತಂದವರು.

ಮೂರೂ ನಿಜ. ಆದರೆ ಕಥೆ ಹೇಳಿದ ನಾವು ಮೂವರೂ ಮರುದಿನ ಇಂಟರ್ನಲ್ಸ್ ಇದೆ ಅಂತ ಹತ್ತಕ್ಕೇ ಮಲಗಿದ್ವಿ. ನಮ್ಮ ಒಬ್ಬರದೂ ಬ್ಯಾಕ್ ಇರಲಿಲ್ಲ.

ಅವನು ಮನೆಗೆ ಫೋನ್ ಮಾಡಿ ಹೇಳಿದ. ಮೂರನೇ ದಿನ ಅವರಪ್ಪ ಬಸ್ ಹತ್ತಿ ಬಂದ್ರು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಈಗ ಕಪಾಳಕ್ಕೆ ಬೀಳುತ್ತೆ ಅಂತ ನಾವು ಬಾಗಿಲ ಹತ್ತಿರ ನಿಂತಿದ್ವಿ. ಕಾಕಾ ಮಂಚದ ಮೇಲೆ ಕೂತು, "ಅದೇನ ಮಾಡ್ತಿ, ತೋರ್ಸು" ಅಂದ್ರು. ನಲವತ್ತು ನಿಮಿಷದ ಒಂದು ರೆಕಾರ್ಡಿಂಗ್ ಪೂರ್ತಿ ನೋಡಿದ್ರು. ನಡುವೆ ಒಂದು ಮಾತೂ ಆಡಲಿಲ್ಲ.

ಆಮೇಲೆ ಕೇಳಿದ್ರು, "ಇದರಾಗ ರೊಕ್ಕ ಕಟ್ಟೋದು ಐತೇನು? ರಮ್ಮಿ ಇದ್ದಂಗ?"

"ಇಲ್ಲ ಕಾಕಾ, ಇದು ಬ್ಯಾರೆ" ಅಂದ್ವಿ. ನಮ್ಮ ಕಡೆ 'ಫೋನಿನ್ಯಾಗ ಗೇಮ್ ಆಡ್ತಾನ' ಅಂದ್ರೆ ಹಿರಿಯರಿಗೆ ರಮ್ಮಿ, ಬೆಟ್ಟಿಂಗ್ ಅಂತಲೇ ಅರ್ಥ. ಅವರ ತಪ್ಪೇನಿಲ್ಲ. ಸರ್ಕಾರವೇ ಇವೆರಡನ್ನ ಕಾನೂನಿನಲ್ಲಿ ಬೇರೆ ಮಾಡಿದ್ದು 2025ರ ಆಗಸ್ಟ್‌ನಲ್ಲಿ. ಹಣ ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಅದನ್ನ ಬಿಡಿಸಿ ಹೇಳಿದ್ವಿ. ಕಾಕಾ ತಲೆಯಾಡಿಸಿದ್ರು.

"ಹಂಗಾದ್ರ ಈ ಆಟ ಯಾರದು?"

"ಕ್ರಾಫ್ಟನ್ ಅಂತ, ಕೊರಿಯಾ ಕಂಪನಿ."

"ಮಂದಿಗೆ ತೋರಸೋದು?"

"ಯೂಟ್ಯೂಬ್. ಗೂಗಲ್‌ನವರದು."

"ಬಂದ್ ಮಾಡಬೇಕಂದ್ರ ಯಾರ್ ಮಾಡ್ತಾರ?"

"ಸರ್ಕಾರ ಮಾಡಬಹುದು. ಕಂಪನಿನೂ ಮಾಡಬಹುದು."

ಕಾಕಾ ಸಣ್ಣಗೆ ನಕ್ಕರು. "ಅಂದ್ರ ಲಾವಣಿ ಹೊಲ. ದುಡಿಮಿ ನಿಂದು, ಹೊಲ ನಿಂದಲ್ಲ. ಲಾವಣಿ ಮಾಡಬ್ಯಾಡ ಅನ್ನಂಗಿಲ್ಲ ನಾ, ನಮ್ಮಪ್ಪ ಲಾವಣಿ ಮಾಡೇ ನಮ್ಮನ್ನ ಸಾಕ್ಯಾನ. ಆದ್ರ ಲಾವಣಿ ಹೊಲದಾಗ ಬಾವಿ ತೋಡಬಾರದಪಾ."

ನಂತರ ದಾಳಿಂಬೆ ಮಾತು ಬಂತು. ಕುಷ್ಟಗಿ ಕಡೆ ಒಂದು ಕಾಲಕ್ಕೆ ಎಲ್ಲರೂ ದಾಳಿಂಬೆ ಅಂದವರೇ. ಕಾಕಾ ನಾಲ್ಕು ಎಕರೆ ಹಾಕಿದ್ರು, ಸಾಲ ಮಾಡಿ ಬೋರ್ ಹೊಡೆಸಿದ್ರು. ದುಂಡಾಣು ರೋಗ ಬಂತು, ಕಾಯಿ ಮೇಲೆ ಕಪ್ಪು ಚುಕ್ಕೆ ಎದ್ದು ಸೀಳಿ ಹೋದವು. ಗಿಡಾನೇ ಕಿತ್ತು ಹಾಕಿದ್ರು. ಇದು ನಮ್ಮ ಗೆಳೆಯನಿಗೂ ಅರ್ಧಂಬರ್ಧ ಗೊತ್ತಿತ್ತು, ಆಗ ಅವನು ಸಣ್ಣವ. ಕಾಕಾ ಅವನನ್ನ ಬಿಟ್ಟು ನಮ್ಮ ಮೂವರ ಕಡೆ ನೋಡಿ ಹೇಳಿದ್ರು, "ನಾ ದಾಳಿಂಬ್ರಿ ಹಚ್ಚಾಕ ಹೊಂಟಾಗ ಯಾರೂ ಬ್ಯಾಡ ಅಂದಿದ್ದಿಲ್ಲ ತಮ್ಮಾ. ಎಲ್ಲಾರೂ ಹಚ್ಚು ಹಚ್ಚು ಅಂದ್ರು. ಸಾಲದ ಕಾಗದದ ಮ್ಯಾಲ ಸಹಿ ಮಾತ್ರ ನಂದೊಂದ ಇತ್ತು."

ನಮಗೆ ತಲೆ ಎತ್ತೋಕಾಗಲಿಲ್ಲ.

ಅವತ್ತು ರಾತ್ರಿ ಕಾಕಾ ನಮ್ಮ ರೂಮಲ್ಲೇ ಮಲಗಿದ್ರು. ನಾವು ಕಾರಿಡಾರ್‌ನಲ್ಲಿ ಕೂತು ನಾವೇ ಹೇಳಿದ ಕಥೆಗಳ ಉಳಿದ ಅರ್ಧ ತೆಗೆದ್ವಿ.

ಹೊಲ ಯಾರದು ಅನ್ನೋದಕ್ಕೆ ನಮ್ಮ ಆಟದ ಇತಿಹಾಸವೇ ಉತ್ತರ. 2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್ ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಒಂದು. 2021ರ ಜುಲೈ 2ಕ್ಕೆ ಅದೇ ಆಟ ಬಿಜಿಎಂಐ ಹೆಸರಲ್ಲಿ ಬಂತು. 2022ರ ಜುಲೈ 28ಕ್ಕೆ ಪ್ಲೇಸ್ಟೋರ್‌ನಿಂದ ಮತ್ತೆ ಮಾಯ. 2023ರ ಮೇ ಕೊನೆಗೆ ಮತ್ತೆ ಹಾಜರ್. ನಮಗೆ ಆಗ ಅದು "ಛೇ, ಗೇಮ್ ಹೋತು" ಅಷ್ಟೇ. ಆದರೆ ಅದನ್ನೇ ನೌಕರಿ ಮಾಡಿಕೊಂಡಿದ್ದ ಹುಡುಗನಿಗೆ? ಇಪ್ಪತ್ತರ ಆಸುಪಾಸಿನ ನಾಲ್ಕೈದು ವರ್ಷವೇ ಅವನ ಕೆರಿಯರ್. ಅದರಲ್ಲಿ ಎರಡು ಸಲ ಸೇರಿ ಒಂದೂವರೆ ವರ್ಷಕ್ಕೂ ಹೆಚ್ಚು ಬಾಗಿಲು ಹಾಕಿತ್ತು. ನಮ್ಮೂರಿನ ಕಬಡ್ಡಿ ಆಟಗಾರನಿಗೆ ಏನೇ ಕಷ್ಟ ಬರಲಿ, ಕಬಡ್ಡಿಯನ್ನ ಯಾರೂ ಪ್ಲೇಸ್ಟೋರ್‌ನಿಂದ ತೆಗೆಯೋಕಾಗಲ್ಲ.

ಅಮೆರಿಕದ ನಿಂಜಾ ಕಥೆಯೂ ಅಷ್ಟೇ. ಟೈಲರ್ ಬ್ಲೆವಿನ್ಸ್, ಜಗತ್ತಿನ ಅತಿ ದೊಡ್ಡ ಸ್ಟ್ರೀಮರ್‌ಗಳಲ್ಲೊಬ್ಬ. 2019ರ ಆಗಸ್ಟ್‌ನಲ್ಲಿ ಟ್ವಿಚ್ ಬಿಟ್ಟು ಮೈಕ್ರೋಸಾಫ್ಟ್‌ನ ಮಿಕ್ಸರ್‌ಗೆ ಹೋದ. 2020ರ ಜುಲೈಗೆ ಮಿಕ್ಸರ್ರೇ ಮುಚ್ಚಿತು. ಗಂಗಾವತಿಯವ ಹೇಳಿದ ಫೇಕರ್ 2016ರಲ್ಲಿ ಮೂರನೇ ಸಲ ವರ್ಲ್ಡ್ಸ್ ಗೆದ್ದ ಮೇಲೆ ನಾಲ್ಕನೆಯದಕ್ಕೆ 2023ರವರೆಗೆ ಕಾದ. ಏಳು ವರ್ಷ. ಆಮೇಲೆ 2024, 2025 ಎರಡೂ ಗೆದ್ದ, ಒಟ್ಟು ಆರು. ನಾವು ಹೇಳೋವಾಗ ಆರು ಕಪ್ ಹೇಳಿದ್ವಿ, ಏಳು ವರ್ಷ ಹೇಳಲಿಲ್ಲ.

ಹಾಗಾದ್ರೆ ಹೊಲ ಮುಚ್ಚಿದಾಗ ಉಳಿದವರು ಹೇಗೆ ಉಳಿದ್ರು? ಮಾರ್ಟಲ್‌ನಂಥವರು ಬ್ಯಾನ್ ಆದಾಗ ಬೇರೆ ಆಟ ಆಡಿದ್ರು, ಜನ ಅಲ್ಲಿಗೂ ಹೋದ್ರು. ಯಾಕಂದ್ರೆ ಜನ ನೋಡೋಕೆ ಬರ್ತಿದ್ದದ್ದು ಆಟವನ್ನಲ್ಲ, ಅವರನ್ನ. ಇದು ಹೊಳೆದ ಮೇಲೆ ಕೊಪ್ಪಳದವ ಎದ್ದು ಕುಷ್ಟಗಿಯವನ ಚಾನೆಲ್ ತೆಗೆದ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ ವಿಡಿಯೋ ಯಾವುದು ಗೊತ್ತಾ? ಒಬ್ಬನೇ ನಾಲ್ವರನ್ನ ಹೊಡೆದದ್ದಲ್ಲ. ಅವ್ವ ಬ್ಯಾಟರಿ ತಂದದ್ದು.

ಬೆಳಗ್ಗೆ ಕಾಕಾ ಬಸ್ ಸ್ಟ್ಯಾಂಡಿಗೆ ಹೊರಟಾಗ ಮಗನಿಗೆ ಬಿಡು ಅಂತಲೂ ಹೇಳಲಿಲ್ಲ, ಮಾಡು ಅಂತಲೂ ಹೇಳಲಿಲ್ಲ. "ವಿಚಾರ ಮಾಡು. ಏನಂತ ಫೋನ್ ಹಚ್ಚಿ ಹೇಳು" ಅಂದ್ರು. ಎರಡು ದಿನ ಬಿಟ್ಟು ಇವನು ಹಚ್ಚಿದ. ಸದ್ಯ ಬಿಡಲ್ಲ, ಫೋರ್ತ್ ಸೆಮ್ ಮುಗಿದ ಮೇಲೆ ಮತ್ತೆ ಕೂತು ಮಾತಾಡೋಣ ಅಂತ. ಆಗಲೂ ಹೋಗ್ತೀನಿ ಅಂದ್ರೆ ಹೋಗಬಹುದು. ಆದರೆ ಆಗ ನಾವು ಪೂರ್ತಿ ಕಥೆ ಹೇಳ್ತೀವಿ.

ಈಗ ಲೈವ್ ಶನಿವಾರ ಮಾತ್ರ, ಒಂಬತ್ತರಿಂದ ಹನ್ನೆರಡು, ನಮ್ಮ ಕನ್ನಡದಲ್ಲಿ. ಬೇರೆ ದಿನ ಬೆಳಗ್ಗೆ ಅವನನ್ನ ಎಬ್ಬಿಸೋ ಕೆಲಸ ಮೂವರು ಪಾಳಿ ಹಾಕಿಕೊಂಡಿದ್ದೀವಿ. ಪ್ರಾಕ್ಸಿ ಅಲ್ಲ ಸಾರ್, ನಿಜವಾದ ಅಟೆಂಡೆನ್ಸ್. ಯಲಬುರ್ಗಾದವ ಓಬಿಎಸ್ ಕಲಿತು ಸ್ಕ್ರೀನ್ ಮೇಲಿನ ಡಿಸೈನ್ ಮಾಡ್ತಾನೆ. ಗಂಗಾವತಿಯವ ಕಾಮೆಂಟರಿ ಹೇಳ್ತಾನೆ, ನಡುನಡುವೆ ಭತ್ತದ ರೇಟೂ ಹೇಳ್ತಾನೆ. ಪಿಂಗ್ ರಾತ್ರಿ ಮಾತ್ರ ಯಾಕೆ ಏರುತ್ತೆ ಅಂತ ಕೊಪ್ಪಳದವ ಲೈಬ್ರರಿಯಿಂದ ಕಂಪ್ಯೂಟರ್ ನೆಟ್‌ವರ್ಕ್ಸ್ ಬುಕ್ ತಂದಿದ್ದಾನೆ. ಅದು ನಮ್ಮ ಮುಂದಿನ ಸೆಮ್ ಸಿಲಬಸ್ ಅಂತೆ, ಪಾಪ ಗೊತ್ತೇ ಇರಲಿಲ್ಲ ಅವನಿಗೆ.

ಮ್ಯಾಥ್ಸ್ ಬ್ಯಾಕ್ ಕುಷ್ಟಗಿಯವ ಈ ಸಲ ಬರೆದಿದ್ದಾನೆ. ರಿಸಲ್ಟ್ ಇನ್ನೂ ಬಂದಿಲ್ಲ. ಸಬ್‌ಸ್ಕ್ರೈಬರ್ 212. ಸಾವಿರಕ್ಕೆ ಇನ್ನೂ 788 ಬೇಕು, ಈ ಕ್ಯಾಂಪಸ್‌ನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದೀರಿ ಅಂತ ನೆನಪಿಸ್ತಾ ಇದ್ದೀವಿ ಅಷ್ಟೇ.

ಪ್ರತಿ ಭಾನುವಾರ ಬೆಳಗ್ಗೆ ಕುಷ್ಟಗಿಯಿಂದ ಫೋನ್ ಬರುತ್ತೆ. ಕಾಕಾಗೆ ವ್ಯೂವರ್ಸ್ ಅನ್ನೋ ಪದ ಬಾಯಿಗೆ ಕೂತಿಲ್ಲ. "ಎಷ್ಟ್ ಚೀಲ ಆತಪಾ ಈ ವಾರ?" ಅಂತ ಕೇಳ್ತಾರೆ.

ಹೋದ ವಾರ ಐವತ್ತೆರಡು ಚೀಲ ಆಯ್ತು.