ಕುಂಟುವ ಕುದುರೆಯ ಮೇವಿನ ಹೊಣೆ

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡು ಉಂಟು. ಶಕ್ತಿ ಮೀರಿ ಹೊರೆ ಹೊರಿಸುವುದು ಒಂದು. ಮೇವು ನೀರು ತಪ್ಪಿಸುವುದು ಇನ್ನೊಂದು. ಮೈಸೂರಿನ ಜಟಕಾ ಕುದುರೆ ಕಾಲು ನೋಯಿಸಿಕೊಂಡರೆ ಅದರ ಬಡ ಯಜಮಾನನು ಈ ಎರಡರ ನಡುವೆ ಸಿಲುಕುತ್ತಾನೆ. ಗಾಡಿಗೆ ಹೂಡಿದರೆ ಮೊದಲನೆಯ ದೋಷ. ಹೂಡದಿದ್ದರೆ ಸಂಪಾದನೆಯಿಲ್ಲ, ಸಂಪಾದನೆಯಿಲ್ಲದೆ ಹುಲ್ಲಿಲ್ಲ.

ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದರೆ ಬಹು ನಿಧಾನವಾಗಿ ಕೂಡುತ್ತದೆ. ಕೆಲವು ವಾರಗಳಲ್ಲಿ ಊತ ಇಳಿದು ಕುಂಟು ಮರೆಯಾಗಬಹುದು. ಆದರೆ ಒಳಗೆ ಹುಟ್ಟಿದ ಹೊಸ ಎಳೆಗಳಿಗೆ ಮೊದಲಿನ ಬಲವಿರುವುದಿಲ್ಲ. ನೋವು ನಿಂತಿತೆಂದು ಆಗಲೇ ದುಡಿಸಿದರೆ ಅದೇ ಜಾಗ ಮತ್ತೆ ಹರಿಯುವ ಭಯವುಂಟು. ತೀವ್ರವಾದ ಗಾಯ ಮಾಗಲು ಸಾಮಾನ್ಯವಾಗಿ ೯ರಿಂದ ೧೨ ತಿಂಗಳು ಬೇಕು. ಹಾಗೆಂದು ಲಾಯದಲ್ಲಿ ಕಟ್ಟಿಹಾಕಿದರೂ ಸಾಲದು. ಪಶುವೈದ್ಯರ ಸಲಹೆಯಂತೆ ಮೊದಲು ಹಗ್ಗ ಹಿಡಿದು ಕೆಲವೇ ನಿಮಿಷ ನಡೆಸಬೇಕು; ನಡಿಗೆಯನ್ನು ಕ್ರಮವಾಗಿ ಹೆಚ್ಚಿಸಬೇಕು. ಎಳೆಗಳು ಕೂಡಿರುವುದು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಂಡ ಬಳಿಕ ಹಗುರವಾದ ಓಟ, ಅನಂತರ ಬರಿಗಾಡಿ, ಕಟ್ಟಕಡೆಗೆ ಜನ. ದಿನವೂ ಕಾಲನ್ನು ಸವರಿ, ಬಿಸಿಯೋ ಊತವೋ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಕೆಲಸವಿಲ್ಲದ ದಿನಗಳಲ್ಲಿ ಹುರುಳಿಯನ್ನು ತಗ್ಗಿಸಬಹುದು, ಹುಲ್ಲು ನೀರುಗಳನ್ನಲ್ಲ.

ಹೀಗೆ ಕಾದು ಫಲ ಕಂಡುದಕ್ಕೆ ಅಮೆರಿಕದ ಸೀಬಿಸ್ಕಿಟ್ ಎಂಬ ಕುದುರೆ ಪ್ರಸಿದ್ಧ ಉದಾಹರಣೆ. ೧೯೩೯ರ ಫೆಬ್ರವರಿಯಲ್ಲಿ ಅದರ ಎಡ ಮುಂಗಾಲಿನ ಅಸ್ಥಿಬಂಧಕ್ಕೆ ಪೆಟ್ಟಾಯಿತು. ಯಜಮಾನ ಚಾರ್ಲ್ಸ್ ಹೊವಾರ್ಡ್ ಅದನ್ನು ಕ್ಯಾಲಿಫೋರ್ನಿಯಾದ ತಮ್ಮ ಹುಲ್ಲುಗಾವಲಿನಲ್ಲಿ ವಿಶ್ರಾಂತಿಗೆ ಬಿಟ್ಟರು. ತಾವೂ ಕಾಲು ಮುರಿದುಕೊಂಡಿದ್ದ ಸವಾರ ರೆಡ್ ಪೊಲಾರ್ಡ್ ಅದರೊಡನೆ ಮೆಲ್ಲನೆ ನಡೆದು ಚೇತರಿಸಿಕೊಂಡರು. ೧೯೪೦ರ ಮಾರ್ಚ್ ೨ರಂದು ಆ ಕುದುರೆ ಸಾಂತಾ ಅನಿತಾ ಪಂದ್ಯವನ್ನು ಗೆದ್ದಿತು; ಅದೇ ಅದರ ಕೊನೆಯ ಓಟ. ಜೂಜು ಶ್ರಾವಕರಿಗೆ ವರ್ಜ್ಯ. ಆ ಗೆಲುವು ಇಲ್ಲಿ ಮುಖ್ಯವಲ್ಲ. ಹೊವಾರ್ಡರಿಗೆ ವರ್ಷಕಾಲ ಕಾಯುವ ಐಶ್ವರ್ಯವಿತ್ತು ಎಂಬುದು ಮುಖ್ಯ. ಜಟಕಾದವನಿಗೆ ಒಂದು ವಾರ ಕಾಯುವುದೂ ಕಷ್ಟ.

ಆದುದರಿಂದ ಅವನಿಗೆ ದಯೆಯ ಉಪದೇಶ ಮಾತ್ರ ಸಾಲದು. ಆ ತಿಂಗಳುಗಳ ಖರ್ಚು ಯಾರ ಲೆಕ್ಕಕ್ಕೆ ಎಂಬುದೇ ನಿಜವಾದ ಪ್ರಶ್ನೆ. ಬಸದಿಗಳ ಆಡಳಿತ ಮಂಡಳಿಗಳು ಜೀವದಯೆಯ ಹೆಸರಿನಲ್ಲಿ ಎತ್ತಿಡುವ ಹಣದಿಂದ ಇಂತಹ ಒಂದು ಕುದುರೆಯ ಮೇವು, ವೈದ್ಯರ ವೆಚ್ಚ, ಯಜಮಾನನ ಮನೆಗೆ ಕಿಂಚಿತ್ ನೆರವು ಸಂದರೆ ಎರಡು ಅತಿಚಾರಗಳೂ ಒಟ್ಟಿಗೆ ತಪ್ಪುವುವು. ಇನ್ನು ಅದು ದುಡಿಯಲಾರದೆಂದು ವೈದ್ಯರು ಹೇಳಿದ ದಿನವೂ ಆ ಮೇವು ನಿಲ್ಲದಿರಲಿ.