ಪೆಟ್ಟಿಗೆಯೊಳಗಣ ಪ್ರತಿ

ಬೆಲೆಯುಳ್ಳ ಬರಹಕ್ಕೆ ಒಂದೇ ಪ್ರತಿಯಿರಕೂಡದೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಗೆದ್ದಲಿಗೂ ತೇವಕ್ಕೂ ಅಂಜಿ ಓಲೆಯ ಕಟ್ಟುಗಳನ್ನು ಮತ್ತೆ ಮತ್ತೆ ಪ್ರತಿ ಮಾಡಿಸಿ ಇಡುತ್ತಿದ್ದರು. ಈಗ ಬರಹ, ಚಿತ್ರ, ಧ್ವನಿ ಎಲ್ಲವೂ ಗಣಕಯಂತ್ರದ ಪೆಟ್ಟಿಗೆಯನ್ನು ಸೇರಿವೆ. ಗೆದ್ದಲಿನ ಭಯವು ತೀರಿತು. ಅದರೊಡನೆ ಪ್ರತಿಯ ಚಿಂತೆಯೂ ತೀರಿದಂತೆ ಅನೇಕರು ನೆಮ್ಮದಿಯಿಂದಿದ್ದಾರೆ. ಈ ನೆಮ್ಮದಿಗೆ ಆಧಾರವು ಸಾಲದು. ಹಾರ್ಡ್ ಡಿಸ್ಕೆಂಬುದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳ ಯಂತ್ರ. ಅದರ ಓದುವ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತಿರುವುದು. 1956ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಮೊದಲನೆಯ ಡಿಸ್ಕು 24 ಅಂಗುಲದ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಒಂದು ಪುಸ್ತಕ ಭಂಡಾರವೇ ಅಡಗುವುದು. ಕೆಟ್ಟರೆ ಅಷ್ಟೂ ಒಂದೇ ಗಳಿಗೆಯಲ್ಲಿ ಹೋಗುವುದು.

ಮಲೆನಾಡಿನ ಒಂದೂರಿನಲ್ಲಿ ನಿವೃತ್ತ ಉಪಾಧ್ಯಾಯರಾದ ರಾಯರೊಬ್ಬರಿದ್ದಾರೆ. ಅವರ ತಾಯಿ ಹಾಡುತ್ತಿದ್ದ ಬೀಸುವ ಹಾಡು, ಹಸೆಯ ಹಾಡುಗಳು ಅವರ ಗಣಕಯಂತ್ರದಲ್ಲಿ ಮುದ್ರಿತವಾಗಿದ್ದುವು. ತಾಯಿ ಈಗಿಲ್ಲ. ಆ ಹಾಡುಗಳು ಬೇರೆಲ್ಲಿಯೂ ಇರಲಿಲ್ಲ. ನೆರೆಮನೆಯವರ ಡಿಸ್ಕೊಂದು ಮಗಳ ಮದುವೆಯ ಚಿತ್ರಗಳ ಸಹಿತವಾಗಿ ಒಂದು ಬೆಳಗ್ಗೆ ಮೂಕವಾದ ಸುದ್ದಿಯನ್ನು ಕೇಳಿದಂದಿನಿಂದ ರಾಯರಿಗೆ ನಿದ್ದೆ ಬಾರದಾಯಿತು. ಬೆಂಗಳೂರಿನಲ್ಲಿದ್ದ ತಂಗಿಯ ಮಗನು ರಜಕ್ಕೆ ಬಂದಾಗ ಹೊಸ ಡಿಸ್ಕೊಂದನ್ನು ತಂದನು.

ಕೆಲಸವೇನೂ ದೊಡ್ಡದಲ್ಲ. ವಿದ್ಯುತ್ತಿನ ತಂತಿಯನ್ನು ಕಳಚಿ, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು, ಡಿಸ್ಕನ್ನು ಅದರ ಗೂಡಿನಲ್ಲಿ ಕೂರಿಸಿ ನಾಲ್ಕು ತಿರುಪುಗಳನ್ನು ಬಿಗಿದನು. ಒಂದು ಕೇಬಲ್ಲು ಮದರ್‌ಬೋರ್ಡಿಗೆ, ಇನ್ನೊಂದು ಪವರ್ ಸಪ್ಲೈಗೆ. ಡಿಸ್ಕು ನಾಲ್ಕು ಟೆರಾಬೈಟಿನದಾದುದರಿಂದ ಹಳೆಯ ಎಂ.ಬಿ.ಆರ್. ಪದ್ಧತಿಯನ್ನು ಬಿಟ್ಟು ಜಿ.ಪಿ.ಟಿ. ಪದ್ಧತಿಯಲ್ಲಿ ಅದನ್ನು ಸಿದ್ಧಪಡಿಸಿದನು. ಹಳೆಯದಕ್ಕೆ ಸಾಮಾನ್ಯವಾಗಿ ಎರಡು ಟೆರಾಬೈಟಿನಿಂದಾಚೆಗೆ ಕಣ್ಣು ಕಾಣದು.

“ಎರಡು ಡಿಸ್ಕುಗಳನ್ನೂ ಜೋಡಿಸಿ ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಮೂಡುವಂತೆ ಮಾಡಬಹುದಂತಲ್ಲ?” ಎಂದು ರಾಯರು ಕೇಳಿದರು.

“ಮಾಡಬಹುದು ಮಾವ. ಒಂದು ಡಿಸ್ಕು ಸತ್ತರೂ ಕೆಲಸ ನಿಲ್ಲುವುದಿಲ್ಲ. ಆದರೆ ನೀವು ಕೈತಪ್ಪಿ ಹಾಡೊಂದನ್ನು ಅಳಿಸಿದರೆ ಎರಡನೆಯದರಲ್ಲಿಯೂ ಆ ಕ್ಷಣವೇ ಅಳಿದುಹೋಗುತ್ತದೆ.”

ಇದು ಬಹುಮಂದಿ ಎಡವುವ ಸ್ಥಳ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ‘ರೇಡ್’ ಎಂಬ ಹೆಸರಿನಿಂದ ವಿವರಿಸಿದ ಡಿಸ್ಕುಗಳ ಕೂಟವು ಯಂತ್ರದ ಸಾವಿಗೆ ಔಷಧವೇ ಹೊರತು ಮನುಷ್ಯನ ಮರೆವಿಗೆ ಅಲ್ಲ. ಕನ್ನಡಿಯು ಪ್ರತಿಯಲ್ಲ. ಆದುದರಿಂದ ಹುಡುಗನು ವಿಂಡೋಸಿನೊಡನೆ ಬರುವ ಫೈಲ್ ಹಿಸ್ಟರಿ ಎಂಬ ಏರ್ಪಾಡನ್ನು ಹೂಡಿದನು. ಅದು ಗಂಟೆಗೊಮ್ಮೆ ಬದಲಾದ ಕಡತಗಳನ್ನು ನಕಲಿಸಿ, ಹಳೆಯ ರೂಪಗಳನ್ನೂ ಉಳಿಸಿಕೊಳ್ಳುವುದು.

ರಾಯರಿಗೆ ತೃಪ್ತಿಯಾಯಿತು. ಹುಡುಗನಿಗೆ ಆಗಲಿಲ್ಲ. ಮರುದಿನ ಅವನು, “ಮಾವ, ಪ್ರತಿಯಿಂದ ಅಜ್ಜಿಯ ಹಾಡೊಂದನ್ನು ತೆಗೆದು ಕೇಳಿಸಿ ನೋಡೋಣ” ಎಂದನು. ಹುಡುಕಿದರು. ಪಿಂಚಣಿಯ ಕಾಗದಗಳಿದ್ದುವು, ತೆರಿಗೆಯ ರಸೀತಿಗಳಿದ್ದುವು, ಯಾರೋ ಕಳುಹಿಸಿದ ಹಬ್ಬದ ಶುಭಾಶಯದ ಚಿತ್ರಗಳೂ ಇದ್ದುವು. ಹಾಡು ಒಂದೂ ಇರಲಿಲ್ಲ! ಆ ಏರ್ಪಾಡು ತಾನಾಗಿಯೇ ನಕಲಿಸುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮೊದಲಾದ ರೂಢಿಯ ಫೋಲ್ಡರುಗಳನ್ನು ಮಾತ್ರ. ರಾಯರಾದರೋ ಹಾಡುಗಳನ್ನು ಭದ್ರವಾಗಿರಲೆಂದೇ ‘ಡಿ’ ಭಾಗದಲ್ಲಿ ‘ಅಮ್ಮ’ ಎಂಬ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದರು.

ಇಂಥದು ದೊಡ್ಡವರಿಗೂ ಆಗಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಒಂದು ತಪ್ಪು ಆಜ್ಞೆಯಿಂದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗವು ಅಳಿಸಿಹೋಯಿತು; ಪ್ರತಿಗಳನ್ನು ತೆರೆದು ನೋಡಿದರೆ ಅವು ಸರಿಯಾಗಿರಲಿಲ್ಲ. ಗ್ಯಾಲಿನ್ ಸುಸ್ಮನ್ ಎಂಬಾಕೆ, ಹೆರಿಗೆಯ ತರುವಾಯ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ, ಆಕೆಯ ಮನೆಯಲ್ಲಿದ್ದ ಪ್ರತಿಯು ನೆರವಿಗೆ ಬಂದಿತು.

‘ಅಮ್ಮ’ ಫೋಲ್ಡರನ್ನು ಏರ್ಪಾಡಿಗೆ ಸೇರಿಸಿದರು. ಈ ಸಲ ಹಾಡು ಬಂದಿತು, ನಡುನಡುವೆ ಆಕೆಯ ಕೆಮ್ಮಿನೊಡನೆ. ರಾಯರು ಪೂರ್ತಿಯಾಗಿ ಕೇಳಿದರು. ಪರೀಕ್ಷೆಗೆ ಅಷ್ಟು ಬೇಕಾಗಿರಲಿಲ್ಲ.

ಆದರೂ ಎರಡು ಡಿಸ್ಕುಗಳೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ಪವರ್ ಸಪ್ಲೈಯನ್ನು ಉಣ್ಣುವಂಥವು. ಮುಂಗಾರಿಗೆ ಮುಂಚಿನ ಸಿಡಿಲು ಆ ಸೀಮೆಯಲ್ಲಿ ಅಪರೂಪವಲ್ಲ. 2017ರ ಮೇ ತಿಂಗಳಿನಲ್ಲಿ ಹಲವು ದೇಶಗಳಿಗೆ ಹಬ್ಬಿದ ವಾನಾಕ್ರೈಯಂಥ ದುಷ್ಟ ತಂತ್ರಾಂಶವು ಒಳಹೊಕ್ಕರೆ, ಕೈಗೆಟುಕುವ ಡಿಸ್ಕುಗಳಿಗೆಲ್ಲ ಬೀಗ ಹಾಕುವುದು. ಹುಡುಗನು ಹೊರಡುವ ಮುನ್ನ ಹಾಡುಗಳನ್ನು ಹೊರಗಿನ ಸಣ್ಣ ಡಿಸ್ಕೊಂದಕ್ಕೂ ಇಳಿಸಿಕೊಂಡನು. ಅದು ಈಗ ಬೆಂಗಳೂರಿನಲ್ಲಿ, ರಾಯರ ತಂಗಿಯ ಬೀರುವಿನಲ್ಲಿದೆ. ಆಕೆಯೂ ತಾಯಿಯ ದನಿಯನ್ನು ಆಗಾಗ ಕೇಳುತ್ತಾಳೆಂದು ಕಾಗದ ಬಂದಿದೆ.