ಮುಂಪಡೆಯವನ ಹಿಂದೋಟ

ಹಾಕಿ ಆಟದಲ್ಲಿ ಮುಂಪಡೆಯವನ ಕರ್ತವ್ಯವು ಗೋಲು ಹೊಡೆಯುವುದರೊಂದಿಗೆ ಮುಗಿಯಿತೆಂದು ನಾನು ಯೌವನದಲ್ಲಿ ದೃಢವಾಗಿ ನಂಬಿದ್ದೆನು. ಆ ನಂಬಿಕೆಗೆ ಬೆಲೆ ತೆತ್ತವನು ನನ್ನ ಗೆಳೆಯ.

ಹತ್ತಿಕುಣಿಯಿಂದ ಬಿ.ಕಾಂ. ವ್ಯಾಸಂಗಕ್ಕಾಗಿ ಕಲಬುರಗಿಗೆ ಹೋಗಿದ್ದ ದಿನಗಳವು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರತವು ತನ್ನ ಎಂಟನೆಯ ಹಾಕಿ ಚಿನ್ನವನ್ನು ಗೆದ್ದಿತ್ತು; ಆ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯನವರಿದ್ದರು. ಬಯಲುಸೀಮೆಯ ನಮ್ಮಂಥವರಿಗೂ ಹಾಕಿಯ ಹುಚ್ಚು ಹತ್ತಲು ಅಷ್ಟು ಸಾಕಾಗಿತ್ತು. ಐವರು ಮುಂದೆ, ಮೂವರು ನಡುವೆ, ಇಬ್ಬರು ಹಿಂದೆ, ಕೊನೆಗೊಬ್ಬ ಗೋಲ್‌ಕೀಪರ್: ಇದೇ ನಾವು ಕಲಿತ ವ್ಯೂಹ. ನಾನು ಐವರಲ್ಲೊಬ್ಬ, ಗೆಳೆಯನು ನನ್ನ ಬೆನ್ನ ಹಿಂದಿನ ಬಲ ಹಾಫ್.

ಒಂದು ಅಂತರಕಾಲೇಜು ಪಂದ್ಯದಲ್ಲಿ ಇಬ್ಬರನ್ನು ವಂಚಿಸಿ ಮುನ್ನುಗ್ಗಿದ ನನ್ನಿಂದ ಮೂರನೆಯವನು ಚೆಂಡನ್ನು ಕಸಿದನು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಜೊತೆಗಾರನು ಸಕಾಲದಲ್ಲಿ ಬರಲಿಲ್ಲವೆಂದು ಅವನನ್ನು ದೂರುವುದರಲ್ಲಿ ಮಗ್ನನಾಗಿದ್ದೆ. ಅತ್ತ ಇಬ್ಬರು ಎದುರಾಳಿಗಳನ್ನು ಒಬ್ಬನೇ ತಡೆಯಬೇಕಾಗಿ ಬಂದ ಗೆಳೆಯನು ತಡವಾಗಿ ಅಡ್ಡಬಿದ್ದನು, ಮೊಣಕಾಲು ತಿರುಚಿಕೊಂಡಿತು. ಮುಂದಿನ ವಾರ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಅವನು ಹೋಗಬೇಕಿತ್ತು. ಹೋಗಲಾಗಲಿಲ್ಲ.

ಚೆಂಡು ಕೈತಪ್ಪಿದೊಡನೆ ಮುಂಪಡೆಯವನು ಮಾಡಬೇಕಾದುದೇನು? ಹತ್ತಿರವಿದ್ದವನು ಚೆಂಡಿನವನ ಒಳಮಗ್ಗುಲಿಗೆ ಓಡಿ, ಅವನನ್ನು ಅಂಚಿನ ಗೆರೆಯತ್ತ ಒತ್ತಿ, ವೇಗವನ್ನು ಕುಗ್ಗಿಸಬೇಕು. ಹಿಂದಿನಿಂದ ಕೋಲು ಚಾಚಿ ಎದುರಾಳಿಯನ್ನು ತಾಗಿದರೆ ಫೌಲ್. ತಮ್ಮ ವೃತ್ತದೊಳಗಾದರೆ ಪೆನಾಲ್ಟಿ ಕಾರ್ನರ್. ಆದ್ದರಿಂದ ಮೊದಲು ಎದುರಾಳಿಗೂ ನಮ್ಮ ಗೋಲಿಗೂ ನಡುವೆ ಬಂದು ಸೇರಬೇಕು. ಉಳಿದವರು ಮೈದಾನದ ನಡುಭಾಗದಲ್ಲಿ ಓಡಿಬರಬೇಕು, ಚೆಂಡನ್ನೇ ನೋಡುತ್ತಲ್ಲ, ಹಿಂದಿನಿಂದ ಯಾರ ಲಕ್ಷ್ಯಕ್ಕೂ ಬೀಳದೆ ಬರುವ ಎದುರಾಳಿಯನ್ನು ಹುಡುಕುತ್ತ. 1990ರ ದಶಕದಲ್ಲಿ ಆಫ್‌ಸೈಡ್ ನಿಯಮ ರದ್ದಾದ ಮೇಲಂತೂ ಮೈದಾನ ಉದ್ದಕ್ಕೆ ಹಿಗ್ಗಿ, ಈ ಹೊಣೆ ಮತ್ತಷ್ಟು ಭಾರವಾಗಿದೆ. ಚಳಿಗಾಲದಲ್ಲಿ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುವ ಐಸ್ ಹಾಕಿಯಲ್ಲಿ ಇದಕ್ಕೆ ಬ್ಯಾಕ್‌ಚೆಕ್ ಎಂದೇ ಹೆಸರು. ಅಲ್ಲಿ ಮುಂಪಡೆಯವರು ಮೂವರೇ. ಅವರು ಮುಂದೆಯೇ ಉಳಿದರೆ ಹಿಂದಿನ ಇಬ್ಬರ ಮೇಲೆ ಮೂವರು ಬೀಳುತ್ತಾರೆ. ಒಬ್ಬನು ಮರಳಿದರೂ ಲೆಕ್ಕ ಸರಿಹೋಗುತ್ತದೆ. ವ್ಯಾಪಾರಿಯಾದ ನನಗೆ ಈ ಲೆಕ್ಕ ಇಷ್ಟು ತಡವಾಗಿ ತಿಳಿದದ್ದು ಸೋಜಿಗವೇ ಸರಿ.

ಗೆಳೆಯನು ಈಗ ನಮ್ಮೂರ ಜಲಾಶಯದ ಸಮೀಪದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ತೊಗರಿಯನ್ನು ನನ್ನ ಅಂಗಡಿಗೇ ತರುತ್ತಾನೆ. ಮೆಟ್ಟಿಲೇರುವಾಗ ಕಂಬ ಹಿಡಿಯುತ್ತಾನೆ. ವರ್ಷವರ್ಷವೂ ಕ್ಷಮಾವಣಿಯ ದಿನ ಅವನಿಗೂ ಕೈಮುಗಿದಿದ್ದೇನೆ, ಆದರೆ ಆ ಪಂದ್ಯದ ಹೆಸರೆತ್ತದೆ. ಎಲ್ಲರಿಗೂ ಒಟ್ಟಾಗಿ ಕೈಮುಗಿಯುವುದು ಎಷ್ಟು ಸುಲಭವೆಂಬುದನ್ನು ಓದುಗರೂ ಬಲ್ಲರು.

2024ರ ಆಗಸ್ಟ್ 4, ಭಾನುವಾರ. ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತವು ಬ್ರಿಟನ್ನಿಗೆ ಎದುರಾಗಿತ್ತು. ನಾವಿಬ್ಬರೂ ಅಂಗಡಿಯ ಟಿ.ವಿ. ಮುಂದೆ ಕುಳಿತಿದ್ದೆವು. 17ನೆಯ ನಿಮಿಷದಲ್ಲಿ ಅಮಿತ್ ರೋಹಿದಾಸರಿಗೆ ಕೆಂಪು ಕಾರ್ಡು. ಮುಂದಿನ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ. ಹರ್ಮನ್‌ಪ್ರೀತ್ ಗೋಲು ಹೊಡೆದರು, ಬ್ರಿಟನ್ ಸರಿಗಟ್ಟಿತು. ಆಮೇಲೆ ನಡೆದುದೆಲ್ಲ ಕೋಟೆ ಕಾಯುವ ಕೆಲಸ. ಮುಂಪಡೆಯವರು ತಮ್ಮದೇ ವೃತ್ತದವರೆಗೆ ಓಡಿಬಂದು, ಬಾಗಿ, ಕೋಲು ಅಡ್ಡವಿಟ್ಟು ನಿಲ್ಲುತ್ತಿದ್ದರು. 1-1ರ ಸಮಬಲದ ಬಳಿಕ ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಶ್ರೀಜೇಶರ ತಡೆಗಳನ್ನು ಪತ್ರಿಕೆಗಳು ಕೊಂಡಾಡಿದವು, ಅದು ನ್ಯಾಯವೇ. ನನ್ನ ಕಣ್ಣು ಮಾತ್ರ ಆ ಓಟಗಳ ಮೇಲೆಯೇ ಇತ್ತು.

ಪಂದ್ಯದ ನಡುವೆ ಗೆಳೆಯನು ಒಮ್ಮೆ ಹೇಳಿದ್ದನು: "ಮುಂದಿನವ್ರು ಹೆಂಗ ಹಿಂದ ಓಡಿ ಬರ್ಲಾಕತ್ತಾರ ನೋಡೋ." ಕುಹಕವಿರಲಿಲ್ಲ, ಆಟವನ್ನು ಮೆಚ್ಚಿದ ದನಿಯಷ್ಟೇ.

ಪಂದ್ಯ ಮುಗಿದು, ಚಹಾ ಬಂದ ಮೇಲೆ ನಾನೆಂದೆ: "ಅವತ್ತು ನಾ ನಿಂತ್ಬಿಟ್ಟಿದ್ದೆ. ಓಡಿ ಬರಬೇಕಿತ್ತು. ತಪ್ಪಾತು."

"ಗೊತ್ತದ," ಎಂದನು. "ಬಿದ್ದಮ್ಯಾಲೆ ಮೊದಲು ನಿನ್ನನ್ನೇ ಹೊರಳಿ ನೋಡಿದ್ದೆ."

ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಕಪ್ಪು ಕೆಳಗಿಟ್ಟು, ಮೊಣಕಾಲು ನೀವಿಕೊಳ್ಳುತ್ತ, ನಾಳೆ ತೊಗರಿ ಧಾರಣೆ ಹೇಗಿರಬಹುದೆಂದು ಕೇಳಿದನು.